ಇಲಿ ಹಿಡಿಯಲು ಗೂಗಿ (ಗೂಬೆ) ಹೆಚ್ಚೋ, ಕಾಡುಬೆಕ್ಕು ಹೆಚ್ಚೋ: ನನ್ನ ಗದ್ದೆಯ ಲೆಕ್ಕ

"ಗದ್ದಿಗೆ ಗೂಗಿ ಕರದು ಮನಿ ಹಾಳ ಮಾಡ್ತಿ ಏನಲೇ?" ಅಂತ ನಮ್ಮ ಕಾಕಾ ಬೈದಿದ್ದರು. ಈ ಸಲ ಅವರೇ ಬಂದು ನನ್ನ ಗೂಟ ಎಣಿಸಿಕೊಂಡು ಹೋದರು.

ಗಂಗಾವತಿ ಹತ್ತಿರ ನನ್ನದು 6 ಎಕರೆ. ಎಡದಂಡೆ ಕಾಲುವೆ ನೀರು, ಸೋನಾ ಮಸೂರಿ. ಬೆಳೆಗೊಮ್ಮೆ ಇಲಿ ಪಾಷಾಣಕ್ಕೇ ಹತ್ತಿರ ಹತ್ತಿರ 4,000 ಹೋಗುತ್ತಿತ್ತು. ಆದರೂ ಎಕರೆಗೆ ಮೂರ್ನಾಲ್ಕು ಚೀಲ ಇಲಿ ಪಾಲು. ಒಂದು ದಿನ ಬದುವಿನ ಮೇಲೆ ಕಾಡುಬೆಕ್ಕು ಸತ್ತು ಬಿದ್ದಿತ್ತು. ಅವತ್ತೇ ಪಾಷಾಣ ಬಿಟ್ಟೆ.

ಇಲಿ ಹಿಡಿಯಲು ಗೂಗಿ ಬರಲಿ ಅಂತ ಮೊದಲು ತಗಡಿನ ಗೂಡು ಎರಡು ಮಾಡಿಸಿ 2,500 ಕಳಕೊಂಡೆ. ನಮ್ಮ ಬಿಸಿಲಿಗೆ ಅದು ಕಾದ ಹಂಚು. ಕಣಜದ ಗೂಬೆಗೆ ಕಟ್ಟಿದ ಗೂಡಲ್ಲಿ ಕಣಜದ ಹುಳ ಸೇರಿಕೊಂಡವು! ಆಮೇಲೆ ಗೂಗಿ ಕೂರಲು ಬಿದಿರಿನ ಅಡ್ಡಗೂಟ ನೆಟ್ಟೆ. 4 ಅಡಿ ಇಟ್ಟಿದ್ದಕ್ಕೆ ಭತ್ತ ಎದ್ದ ಮೇಲೆ ತುದಿ ಅಷ್ಟೇ ಕಂಡಿತು. ಮುಂದಿನ ಬೆಳೆಗೆ 8 ಅಡಿಯವು ನಲವತ್ತು, ಎಲ್ಲ ಸೇರಿ 2,000. ತುದಿಗೆ ಒಂದು ವಸ್ತು ಸುತ್ತಿದೆ. ಮೂರನೇ ರಾತ್ರಿಗೇ ಗೂಗಿ ಕೂತಿತ್ತು.

ಬೆಳಿಗ್ಗೆ ಗೂಟದ ಬುಡದಲ್ಲಿ ಅದು ಕಕ್ಕಿದ ಕಪ್ಪು ಉಂಡೆ. ಬಿಸಿನೀರಲ್ಲಿ ನೆನೆಹಾಕಿ ಬಿಡಿಸಿದರೆ ಕೂದಲೊಳಗೆ ಇಲಿಯ ತಲೆಬುರುಡೆ ಹಾಗೇ ಇರುತ್ತದೆ. ಎರಡು ಕೆಳದವಡೆಗೆ ಒಂದು ಇಲಿ. ತಿಂಗಳಿಗೆ ಎಪ್ಪತ್ತರ ಹತ್ತಿರ ಲೆಕ್ಕ ಸಿಕ್ಕಿತು. ಮನೆಯವಳು ಆ ಚೊಂಬನ್ನ ಇನ್ನೂ ಒಳಗೆ ಬಿಟ್ಟುಕೊಂಡಿಲ್ಲ.

ಕಾಡುಬೆಕ್ಕಿನ ಹಿಕ್ಕೆಯನ್ನೂ ತೊಳೆದೆ. ಬರೀ ಕೂದಲು, ಮೂಳೆ ಚೂರು. ಗೂಗಿಯೇ ಗೆದ್ದಿತು ಅಂದುಕೊಂಡೆ. ಆದರೆ ಅದು ಮೋಸದ ಲೆಕ್ಕ ಅಲ್ವಾ? ಗೂಗಿ ಇಡಿಯಾಗಿ ನುಂಗುತ್ತದೆ, ಬೆಕ್ಕು ಅಗಿಯುತ್ತದೆ.

ಸುಮ್ನೆ ನೋಡೋಣ ಅಂತ ಬದುವಿನ ಮೇಲೆ ಜರಡಿ ಹಿಡಿದ ಮರಳು ಹಾಕಿದೆ. ಪೈರು ಎಳೆಯದಾಗಿದ್ದಾಗ ಗೂಗಿಯದೇ ರಾಜ್ಯ. ಕತ್ತಲಲ್ಲೂ ಬರೀ ಸಪ್ಪಳ ಕೇಳಿ ಹಿಡಿಯುತ್ತದೆ. ಭತ್ತ ಒತ್ತಾಗಿ ಮುಚ್ಚಿಕೊಂಡ ಮೇಲೆ ಉಂಡೆ ಅರ್ಧಕ್ಕಿಳಿದವು. ಆಗ ಬೆಕ್ಕಿನ ಹೆಜ್ಜೆ ಜಾಸ್ತಿ. ಉಗುರಿನ ಗುರುತಿಲ್ಲದ ದುಂಡು ಹೆಜ್ಜೆ, ನೇರ ಹೊಸ ಬಿಲದ ಬಾಯಿಗೆ ಹೋಗಿ ನಿಲ್ಲುತ್ತಿತ್ತು. ನೀರಿಗೂ ಅದು ಅಂಜುವುದಿಲ್ಲ. ನನ್ನ ಎರಡು ಜವಾರಿ ಕೋಳಿಯೂ ಅದರ ಲೆಕ್ಕಕ್ಕೇ ಹೋದವು, ಇರಲಿ.

ಈ ಸಲ ಇಲಿಗೆ ಹೋಗಿದ್ದು ಎಕರೆಗೆ ಒಂದು ಚೀಲ ಇರಬಹುದು. ಕಾಕಾಗೆ, "ಕಾಲುವೆ ಬದಿಯ ಜೊಂಡಿಗೆ ಬೆಂಕಿ ಹಚ್ಚಬ್ಯಾಡ್ರಿ, ಬೆಕ್ಕು ಅಲ್ಲೇ ಇರ್ತದ" ಅಂದೆ. ಗೂಟದ ತುದಿಗೆ ಏನು ಸುತ್ತಿದ್ದಿ ಅಂತ ಕೇಳಿದರು. ಚಾ ಕುಡಿಸಿ ಕಳಿಸಿದೆ.