ಕಲಬುರಗಿ ಬೋರ್ಡಿನಿಂದ ರಾಷ್ಟ್ರಕೂಟದವರೆಗೆ: ನನ್ನ ಅನುಭವ

ನಾನು ಸೇಡಂ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. 2024ರ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರಿದ ಒಬ್ಬ ಹುಡುಗನ ಸುದ್ದಿ ತಿಂಗಳೊಳಗೆ ಸ್ಟಾಫ್ ರೂಮಿನ ದಿನದ ಮಾತಾಯಿತು. ಜಗಳ, ಗೈರುಹಾಜರಿ, ಗುಟ್ಕಾ. ಎಲ್ಲರೂ ಉಡಾಳ ಎಂದರು, ನಾನೂ ಎಂದೆ. ಅವನನ್ನು ತರಗತಿಯ ಹೊರಗೆ ನಿಲ್ಲಿಸಿದವರಲ್ಲಿ ನಾನೇ ಮೊದಲಿಗ.

ಗಣಿತದ ಮೇಡಂ ಒಂದು ದಿನ, "ನನ್ನ ಪಿರಿಯಡ್‌ನ್ಯಾಗ ಸುಮ್ಮ ಕುಂದರ್ತಾನಲ್ರಿ ಸರ, ನಿಮ್ಮದ್ರಾಗ ಯಾಕ ಹಂಗ ಮಾಡ್ತಾನ?" ಎಂದರು. ಆಮೇಲೆ ಗಮನಿಸಿದೆ. ಸಾಲಾಗಿ ಗಟ್ಟಿಯಾಗಿ ಓದಿಸುವಾಗ ಸರದಿ ಎರಡು ಬೆಂಚು ದೂರ ಇರುವಾಗಲೇ ಪಕ್ಕದವನನ್ನು ತಿವಿಯುತ್ತಿದ್ದ. ಹೊರಗೆ ನಡಿ ಎಂದರೆ ಥಟ್ಟನೆ ಪುಸ್ತಕ ಮುಚ್ಚಿ ಹೋಗುತ್ತಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ. ಅದನ್ನು ಮುಚ್ಚಿಡಲು ನಾನೇ ದಾರಿ ಮಾಡಿಕೊಡುತ್ತಿದ್ದೆ.

ಮನೆಗೆ ಹೋದೆ. ಅವನ ಆಯಿ, ಅಂದರೆ ಅಜ್ಜಿ, ಒಬ್ಬರೇ ಜೋಳ ಹಸನು ಮಾಡುತ್ತ ಕೂತಿದ್ದರು. "ಅವರಪ್ಪ ಅವ್ವ ಪುಣೆಕ್ ದುಡಿಲಕ್ ಹೋಗ್ಯಾರ್ರಿ ಸರ. ಮೂರನೇ ಕ್ಲಾಸಿನ್ಯಾಗ ಇದ್ದಾಗ ಇವನ್ನೂ ಒಯ್ದಿದ್ರು." ಆ ಗುಳೆ ಮುಗಿಸಿ ಬರುವಷ್ಟರಲ್ಲಿ 2020ರ ಮಾರ್ಚ್, ಲಾಕ್‌ಡೌನ್. ಕಿರಿಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್‌ನಲ್ಲಿ. ಒತ್ತಕ್ಷರ ಗಟ್ಟಿಯಾಗಬೇಕಾದ ವರ್ಷಗಳು ಹಾಗೇ ಕಳೆದಿದ್ದವು.

ಹೆಡ್‌ಮಾಸ್ತರರು ಎಲ್ಲರನ್ನೂ ಕೂಡಿಸಿದರು. ಮುಂಚೆ ಹೇಳದೆ ಯಾರೂ ಅವನಿಂದ ಗಟ್ಟಿಯಾಗಿ ಓದಿಸಬಾರದು, ಹೊರಗೆ ಕಳಿಸಬಾರದು, ಉಡಾಳ ಎನ್ನಬಾರದು. ಒಬ್ಬ ಮಾಸ್ತರ ಮಾತ್ರ ಮೆತ್ತಗಾದರೆ ಸಾಲದು, ಮುಂದಿನ ಪಿರಿಯಡ್‌ನಲ್ಲಿ ಅದೇ ಬೈಗುಳ ಕಾದಿರುತ್ತದೆ. ವಿಜ್ಞಾನದ ಮೇಡಂ ಲ್ಯಾಬಿನ ಕೀಲಿ ಅವನ ಕೈಗೆ ಕೊಟ್ಟರು. ಬಿಸಿಯೂಟ ಆದ ಮೇಲೆ ಸಾಮಾನು ಹೊಂದಿಸಲು ಹೋಗುತ್ತಾನೆ ಎಂದೇ ಗೆಳೆಯರು ತಿಳಿದರು. ಸಾಮಾನೂ ಹೊಂದಿಸುತ್ತಿದ್ದ. ಉಳಿದ ಇಪ್ಪತ್ತು ನಿಮಿಷ ನಾವಿಬ್ಬರೇ ಓದುತ್ತಿದ್ದೆವು.

ಮೂರನೇ ತರಗತಿಯ ಪುಸ್ತಕ ಕೊಟ್ಟರೆ ಆ ವಯಸ್ಸಿಗೆ ಅವಮಾನ. ಹಾಗಾಗಿ ಬಸ್ ಬೋರ್ಡಿನ ಊರುಗಳನ್ನು ಹಿಡಿದೆ. "ಕಲಬುರಗಿ"ಯಲ್ಲಿ ಒಂದೂ ಒತ್ತಿಲ್ಲ, ಸಲೀಸಾಗಿ ಓದಿದ. "ಚಿತ್ತಾಪುರ"ದಲ್ಲಿ ನಿಂತ. ಕೆಳಗಿನ ಗುರುತು ತ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅದು ತ ಥರ ಕಾಣುವುದೂ ಇಲ್ಲವಲ್ಲ! ಬಹುತೇಕ ಒತ್ತುಗಳು ತಲೆಕಟ್ಟು ಬಿಟ್ಟ ಮೂಲ ಅಕ್ಷರದಂತೆಯೇ ಇರುತ್ತವೆ. ತ, ನ, ಮ, ಯ, ರ, ಲ ಮಾತ್ರ ಬೇರೆ ಆಕಾರ. ಈ ಆರನ್ನು ರಟ್ಟಿನ ಚೂರುಗಳ ಮೇಲೆ ಬರೆದು ಕೊಟ್ಟೆ. ಮೂರು ವಾರ ಹಿಡಿಯಿತು. ಆಮೇಲೆ "ಕಲ್ಯಾಣ". ಕೊನೆಗೆ, ಸಮಾಜ ವಿಜ್ಞಾನದ ಪಾಠದಲ್ಲಿ ಅವನನ್ನು ಹೆದರಿಸಿದ್ದ "ರಾಷ್ಟ್ರಕೂಟ". ಷ ಅಕ್ಷರಕ್ಕೆ ಟ ಒತ್ತು, ಜೊತೆಗೆ ರ ಒತ್ತು. ಬೆರಳಿನಿಂದ ಮುಚ್ಚಿ ಒಂದೊಂದೇ ತೆಗೆಯುತ್ತ ಷ್, ಟ್, ರ ಎಂದ. ಆ ಅರಸರ ರಾಜಧಾನಿ ಮಾನ್ಯಖೇಟ ಅಂದರೆ ನಮ್ಮ ಮಳಖೇಡವೇ ಎಂದಾಗ ಕಣ್ಣರಳಿಸಿದ. "ಕಾಗಿಣಾ ಹೊಳಿ ದಂಡಿ ಮ್ಯಾಲಿನ ಕಿಲ್ಲೇನ್ರಿ ಸರ? ನಾ ಅಲ್ಲೇ ಈಸಾಡ್ತೀನಲ್ರಿ!"

ಡಿಸೆಂಬರ್‌ನಲ್ಲಿ ತೊಗರಿ ರಾಶಿ ಶುರುವಾಯಿತು. ಹದಿನೆಂಟು ದಿನ ಬರಲಿಲ್ಲ. ನನಗೆ ಸಿಟ್ಟು ಬಂದಿತ್ತು. "ಬಂದ ದಿನ ಏನೂ ಕೇಳಬ್ಯಾಡ್ರಿ, ಕೀಲಿ ಕೊಡ್ರಿ" ಎಂದರು ಹೆಡ್‌ಮಾಸ್ತರರು. ಕೊಟ್ಟೆ. ರಟ್ಟಿನ ಚೂರುಗಳು ಅವನ ಅಂಗಿ ಜೇಬಿನಲ್ಲೇ ಇದ್ದವು, ಬೆವರಿಗೆ ಅಂಚು ಮೆತ್ತಗಾಗಿದ್ದವು.

ಫೆಬ್ರುವರಿಯಲ್ಲಿ ತಾನಾಗಿಯೇ ಕೈ ಎತ್ತಿ ನನ್ನ ತರಗತಿಯಲ್ಲಿ ಎರಡು ಪ್ಯಾರಾ ಓದಿದ. ಎರಡು ಕಡೆ ತಡೆದ, ಮತ್ತೆ ಓದಿದ. ಇಂಗ್ಲಿಷ್ ಇನ್ನೂ ಕಷ್ಟ. ಗುಟ್ಕಾ ಪೂರ್ತಿ ಬಿಟ್ಟಿದ್ದಾನೆ ಎಂದು ಹೇಳಲಾರೆ. ಆದರೆ ಜಗಳ ನಿಂತಿತು, ಒಂಬತ್ತನೇ ತರಗತಿಗೆ ಮೊದಲ ದಿನವೇ ಬಂದ.

2025ರ ಜೂನ್‌ನಲ್ಲಿ ಎಂಟಕ್ಕೆ ಬಂದ ಎಲ್ಲ ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಲ್ಯಾಬಿಗೆ ಕರೆದು ಬಸ್ ಬೋರ್ಡಿನ ಊರುಗಳನ್ನು ಓದಿಸಿದೆವು. ಏಳು ಮಂದಿ ಚಿತ್ತಾಪುರದಲ್ಲಿ ನಿಂತರು. ಅವರಿಗಾಗಿ ರಟ್ಟು ಕತ್ತರಿಸಿ ಕೊಟ್ಟವನು ಇವನೇ.