ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಒಂದು ವಿಕಿ: ಮೀಡಿಯಾವಿಕಿ ಹಾಕಿಕೊಳ್ಳುವುದು ಹೇಗೆ?

ಕನ್ನಡ ವೆಬ್‌ಪುಟಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ತಲೆಬರಹದಲ್ಲಿ ‘ರಾಷ್ಟ್ರ’ ಅಂತ ಇರುತ್ತದೆ, ಆದರೆ ಕೆಳಗಿನ ಒತ್ತಕ್ಷರ ಅರ್ಧ ಕತ್ತರಿಸಿ ಹೋಗಿರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒತ್ತು ಇಲ್ಲ ಅಲ್ವಾ? ಹಾಗಾಗಿ ಇಂಗ್ಲಿಷ್ ಪರದೆ ನೋಡಿಕೊಂಡು ವಿನ್ಯಾಸ ಮಾಡಿದವರಿಗೆ ಈ ತಪ್ಪು ಕಾಣುವುದೇ ಇಲ್ಲ. ಕಾಣುವುದು ನಮಗೆ. ಸರಿ ಮಾಡುವುದಕ್ಕೂ ನಾವೇ ಕೈ ಹಾಕಬೇಕು.

ಅದಕ್ಕೆ ಒಳ್ಳೆಯ ಜಾಗ ಮೀಡಿಯಾವಿಕಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಡೆಯುವುದು ಇದೇ ತಂತ್ರಾಂಶದ ಮೇಲೆ. ಪಿಎಚ್‌ಪಿ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶ ಇದು. ಯಾರು ಬೇಕಾದರೂ ಕೋಡ್ ಇಳಿಸಿಕೊಂಡು ತಮ್ಮ ಯಂತ್ರದಲ್ಲಿ ಓಡಿಸಬಹುದು. ಅಲ್ಲಿ ಏನು ಕೆಡಿಸಿದರೂ ನಿಜವಾದ ವಿಕಿಪೀಡಿಯಕ್ಕೆ ಏನೂ ಆಗುವುದಿಲ್ಲ.

ಶುರು ಮಾಡುವ ಮೊದಲು

ಬೇಕಾದ್ದು ಎರಡೇ. ಒಂದು ಗಿಟ್, ಇನ್ನೊಂದು ಡಾಕರ್. ಗಿಟ್ ಕೋಡ್ ಇಳಿಸಿಕೊಡುತ್ತದೆ, ನೀವು ಏನೇನು ಬದಲಿಸಿದಿರಿ ಎಂಬ ಲೆಕ್ಕ ಇಡುತ್ತದೆ. ಮೀಡಿಯಾವಿಕಿಗೆ ಬೇಕಾದ ಪಿಎಚ್‌ಪಿ, ವೆಬ್ ಸರ್ವರ್ ಎಲ್ಲವನ್ನೂ ಡಾಕರ್ ಡಬ್ಬಿಗಳಲ್ಲಿ, ಅಂದರೆ ಕಂಟೇನರ್‌ಗಳಲ್ಲಿ, ಹಾಕಿ ಕೊಡುತ್ತದೆ. ಇವನ್ನು ಒಂದೊಂದಾಗಿ ಕೈಯಾರೆ ಹಾಕಿಕೊಳ್ಳುವ ದಾರಿಯೂ ಇದೆ. ಆದರೆ ಹೊಸಬರಿಗೆ ಡಾಕರ್ ದಾರಿಯೇ ಸುಲಭ ಎಂದು ನನ್ನ ಅಭಿಪ್ರಾಯ.

ವಿಂಡೋಸ್ ಬಳಸುವವರು ಈ ಸಾಲು ಬಿಡದೆ ಓದಿ. ಮೊದಲು ಡಬ್ಲ್ಯುಎಸ್‌ಎಲ್, ಅಂದರೆ ವಿಂಡೋಸ್ ಒಳಗೆ ಓಡುವ ಲಿನಕ್ಸ್ ಹಾಕಿಕೊಳ್ಳಿ. ಕೋಡ್ ಅನ್ನು ಆ ಲಿನಕ್ಸ್‌ನ ಫೋಲ್ಡರ್‌ನಲ್ಲೇ ಇಡಿ. ಸಿ ಡ್ರೈವ್‌ನಲ್ಲಿ ಇಟ್ಟರೂ ಕೆಲಸ ಮಾಡುತ್ತದೆ, ಆದರೆ ತುಂಬಾ ನಿಧಾನ. ನಾನು ಮೊದಲ ಸಲ ಸಿ ಡ್ರೈವ್‌ನಲ್ಲೇ ಇಟ್ಟಿದ್ದೆ. ಒಂದೊಂದು ಪುಟಕ್ಕೂ ಕಾದು ಕಾದು ಕೊನೆಗೆ ಎಲ್ಲ ಅಳಿಸಿ ಮತ್ತೆ ಶುರು ಮಾಡಬೇಕಾಯಿತು. ಆ ಸಂಜೆ ನಿಮಗೆ ಉಳಿಯಲಿ.

ಕೋಡ್ ಇಳಿಸುವುದು

ಮೀಡಿಯಾವಿಕಿಯ ಕೋಡ್ ಇರುವುದು ವಿಕಿಪೀಡಿಯ ನಡೆಸುವ ಸಂಸ್ಥೆ ವಿಕಿಮೀಡಿಯದ ಗೆರಿಟ್ ಸರ್ವರ್‌ನಲ್ಲಿ. ಕೋಡ್ ಇಡುವ, ಬದಲಾವಣೆಗಳನ್ನು ಪರಿಶೀಲಿಸುವ ಜಾಗ ಅದು. ಅಲ್ಲಿಂದ ‘ಗಿಟ್ ಕ್ಲೋನ್’ ಆದೇಶ ಕೊಟ್ಟು ‘ಕೋರ್’ ಎಂಬ ಭಂಡಾರವನ್ನು ಇಳಿಸಿಕೊಳ್ಳಬೇಕು. ಹಾಗೇ ಕೊಟ್ಟರೆ ಇಷ್ಟು ವರ್ಷಗಳ ಬದಲಾವಣೆಯ ಇತಿಹಾಸವೂ ಜೊತೆಗೆ ಬರುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇರುವವರು ಆದೇಶಕ್ಕೆ ‘ಡೆಪ್ತ್ 1’ ಸೇರಿಸಿ. ಆಗ ಇತ್ತೀಚಿನ ಪ್ರತಿ ಮಾತ್ರ ಬರುತ್ತದೆ, ಡೇಟಾ ಉಳಿಯುತ್ತದೆ.

ಇಳಿದ ಫೋಲ್ಡರ್ ತೆರೆದರೆ ‘ಡೆವಲಪರ್ಸ್’ ಎಂಬ ಫೈಲ್ ಇದೆ. ಮುಂದಿನ ಎಲ್ಲ ಆದೇಶಗಳೂ ಅಕ್ಷರ ತಪ್ಪದಂತೆ ಅದರಲ್ಲಿವೆ. ಕೈಯಲ್ಲಿ ಟೈಪ್ ಮಾಡಬೇಡಿ, ಅಲ್ಲಿಂದ ನಕಲು ಮಾಡಿ ಅಂಟಿಸಿ. ಯಾವ ಆದೇಶ ಏನು ಮಾಡುತ್ತದೆ ಎಂದು ಮಾತ್ರ ಇಲ್ಲಿ ಹೇಳುತ್ತೇನೆ.

ಓಡಿಸುವುದು

ಮೊದಲು ‘ಡಾಟ್ ಇಎನ್‌ವಿ’ (.env) ಎಂಬ ಸಣ್ಣ ಫೈಲ್ ಮಾಡಿ. ಸರ್ವರ್ ವಿಳಾಸ, ಪೋರ್ಟ್ ಸಂಖ್ಯೆ 8080, ಅಡ್ಮಿನ್ ಹೆಸರು, ಪಾಸ್‌ವರ್ಡ್ ಎಲ್ಲ ಇದರೊಳಗೆ ಹೋಗುತ್ತದೆ. ಹೆಸರು ಚುಕ್ಕೆಯಿಂದ ಶುರುವಾಗುವುದರಿಂದ ಫೋಲ್ಡರ್‌ನಲ್ಲಿ ಇದು ಸುಮ್ನೆ ನೋಡಿದರೆ ಕಾಣುವುದಿಲ್ಲ. ಲಿನಕ್ಸ್‌ನವರು ತಮ್ಮ ಯೂಸರ್ ಐಡಿ, ಗ್ರೂಪ್ ಐಡಿ ಸಂಖ್ಯೆಗಳನ್ನೂ ಸೇರಿಸಬೇಕು. ಇದನ್ನು ಮರೆತರೆ ಮುಂದೆ ‘ಬರೆಯಲು ಅನುಮತಿ ಇಲ್ಲ’ ಎಂಬ ದೋಷ ಬರುತ್ತದೆ.

ಈಗ ‘ಡಾಕರ್ ಕಂಪೋಸ್ ಅಪ್’ ಕೊಡಿ. ಮೂರು ಡಬ್ಬಿಗಳು ಏಳುತ್ತವೆ. ಒಂದು ಪಿಎಚ್‌ಪಿ ಓಡಿಸುತ್ತದೆ, ಒಂದು ವೆಬ್ ಸರ್ವರ್, ಇನ್ನೊಂದು ಹಿನ್ನೆಲೆ ಕೆಲಸಗಳನ್ನು ನೋಡಿಕೊಳ್ಳುತ್ತದೆ. ಮೊದಲ ಸಲ ಇವೆಲ್ಲ ಇಳಿಯಬೇಕು, ಹೊತ್ತು ಹಿಡಿಯುತ್ತದೆ.

ಆಮೇಲೆ ಕಂಪೋಸರ್ ಆದೇಶ. ಇದು ಮೀಡಿಯಾವಿಕಿ ನೆಚ್ಚಿಕೊಂಡಿರುವ ಬೇರೆ ಲೈಬ್ರರಿಗಳನ್ನು ತರುತ್ತದೆ. ಕೊನೆಗೆ ಇನ್‌ಸ್ಟಾಲ್ ಸ್ಕ್ರಿಪ್ಟ್. ಇದು ಎಸ್‌ಕ್ಯುಲೈಟ್ ಡೇಟಾಬೇಸ್ ಮಾಡಿ, ‘ಲೋಕಲ್ ಸೆಟ್ಟಿಂಗ್ಸ್’ ಎಂಬ ಫೈಲ್ ಬರೆದಿಡುತ್ತದೆ. ಮುಂದೆ ನೀವು ಜಾಸ್ತಿ ತೆರೆಯುವ ಫೈಲ್ ಅದೇ.

ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ (ಅಂದರೆ ನಿಮ್ಮದೇ ಯಂತ್ರ), ಪೋರ್ಟ್ 8080 ತೆರೆಯಿರಿ. ಅಂದಚೆಂದ ಇಲ್ಲದ ಪುಟ, ಸ್ಕಿನ್ ಸಿಗಲಿಲ್ಲ ಎಂಬ ದೂರು ಬಂದರೆ ಗಾಬರಿ ಬೇಡ. ಮೀಡಿಯಾವಿಕಿಯ ಹೊರಮೈ ಬೇರೆ ಭಂಡಾರದಲ್ಲಿ ಇರುತ್ತದೆ. ‘ಸ್ಕಿನ್ಸ್’ ಫೋಲ್ಡರ್ ಒಳಗೆ ‘ವೆಕ್ಟರ್’ ಅನ್ನು ಕ್ಲೋನ್ ಮಾಡಿ, ಲೋಕಲ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಲೋಡ್ ಮಾಡುವ ಒಂದು ಸಾಲು ಸೇರಿಸಿ. ಪುಟ ಮತ್ತೆ ತೆರೆದರೆ ವಿಕಿಪೀಡಿಯದ ಪರಿಚಿತ ಮುಖ ಕಾಣುತ್ತದೆ.

ಪುಟವೇ ತೆರೆಯಲಿಲ್ಲವೇ? 8080 ಪೋರ್ಟ್ ಅನ್ನು ಬೇರೆ ಯಾವುದೋ ಪ್ರೋಗ್ರಾಂ ಹಿಡಿದಿರಬಹುದು. ಡಾಟ್ ಇಎನ್‌ವಿ ಫೈಲ್‌ನಲ್ಲಿ ಪೋರ್ಟ್ ಮತ್ತು ಸರ್ವರ್ ವಿಳಾಸ ಎರಡರಲ್ಲೂ ಸಂಖ್ಯೆ ಬದಲಿಸಿ. ವಿಳಾಸ ಲೋಕಲ್ ಸೆಟ್ಟಿಂಗ್ಸ್‌ನಲ್ಲೂ ಬರೆದಿರುತ್ತದೆ, ಅಲ್ಲೂ ನೋಡಿ. ಎಲ್ಲವೂ ಕಲಸಿಹೋಯಿತು ಅನಿಸಿದರೆ ಲೋಕಲ್ ಸೆಟ್ಟಿಂಗ್ಸ್ ಫೈಲ್ ಮತ್ತು ‘ಕ್ಯಾಶ್’ ಒಳಗಿನ ‘ಎಸ್‌ಕ್ಯುಲೈಟ್’ ಫೋಲ್ಡರ್ ಅಳಿಸಿ, ಇನ್‌ಸ್ಟಾಲ್ ಸ್ಕ್ರಿಪ್ಟ್ ಮತ್ತೊಮ್ಮೆ ಓಡಿಸಿ. ಹೊಚ್ಚ ಹೊಸ ವಿಕಿ ಸಿಗುತ್ತದೆ.

ಕನ್ನಡಕ್ಕೆ ತಿರುಗಿಸುವುದು

ನನಗೆ ಬಹಳ ಇಷ್ಟದ ಹಂತ ಇದು. ಲೋಕಲ್ ಸೆಟ್ಟಿಂಗ್ಸ್‌ನಲ್ಲಿ ಲ್ಯಾಂಗ್ವೇಜ್ ಕೋಡ್ ಎಂಬ ಸಾಲು ಹುಡುಕಿ. ಅಲ್ಲಿ ‘ಇಎನ್’ ಇದ್ದರೆ ‘ಕೆಎನ್’ ಮಾಡಿ. ಪರದೆಯ ಬಹುಪಾಲು ಕನ್ನಡಕ್ಕೆ ಬರುತ್ತದೆ, ಅಂಕಿಗಳು ಕೂಡ ೧, ೨, ೩ ಆಗುತ್ತವೆ. ‘ಮುಖ್ಯ ಪುಟ’ ಒತ್ತಿದರೆ ಅಂಥ ಪುಟವೇ ಇಲ್ಲ ಎನ್ನುತ್ತದೆ, ಏಕೆಂದರೆ ಇನ್‌ಸ್ಟಾಲ್ ಆಗುವಾಗ ಹುಟ್ಟಿದ್ದು ಇಂಗ್ಲಿಷ್ ಹೆಸರಿನ ಪುಟ. ನೀವೇ ಹೊಸದಾಗಿ ಬರೆಯಿರಿ.

ಯಾವುದೋ ಕನ್ನಡ ಪದ ತಪ್ಪಾಗಿ ಕಂಡರೆ ಅದು ಎಲ್ಲಿಂದ ಬಂತು ಎಂದು ಹುಡುಕುವ ಒಂದು ಕೀಲಿ ಇದೆ. ಪುಟದ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ (ವಿಳಾಸದಲ್ಲಿ ಅದು ಆಗಲೇ ಇದ್ದರೆ ‘&’) ಹಾಕಿ, ‘ಯೂಸ್‌ಲ್ಯಾಂಗ್’ (uselang) ಎಂದು ಬರೆದು, ಸಮ ಚಿಹ್ನೆ ಹಾಕಿ, ಇಂಗ್ಲಿಷ್‌ನ ಕ್ಯೂ, ಕ್ಯೂ, ಎಕ್ಸ್ (qqx) ಸೇರಿಸಿ. ಪರದೆಯ ಪ್ರತಿ ಪದದ ಜಾಗದಲ್ಲಿ ಅದರ ಸಂದೇಶದ ಹೆಸರು ಕಾಣುತ್ತದೆ. ಆ ಹೆಸರು ಹಿಡಿದು ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಅನುವಾದ ತಿದ್ದಿ. ನಿಮ್ಮ ಯಂತ್ರದ ಕನ್ನಡ ಫೈಲ್ ತಿದ್ದಿ ಗೆರಿಟ್‌ಗೆ ಕಳಿಸಬೇಡಿ. ಅನುವಾದಗಳು ಟ್ರಾನ್ಸ್‌ಲೇಟ್‌ವಿಕಿಯಿಂದಲೇ ಕೋಡ್‌ಗೆ ಬರುವುದರಿಂದ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ.

ಒತ್ತಕ್ಷರ ಕತ್ತರಿಸುವುದು ಬೇರೆ ಥರದ ದೋಷ. ಅದು ಅನುವಾದದಲ್ಲಿಲ್ಲ, ಸ್ಟೈಲ್‌ನಲ್ಲಿದೆ. ನಿಮ್ಮ ವಿಕಿಯಲ್ಲಿ ‘ಜ್ಯೋತ್ಸ್ನಾ’, ‘ಸಂಸ್ಕೃತಿ’, ‘ರಾಷ್ಟ್ರಕೂಟ’ ಹೆಸರಿನ ಪುಟಗಳನ್ನು ಮಾಡಿ ತಲೆಬರಹ, ಮೆನು, ಬಟನ್ ಎಲ್ಲ ನೋಡಿ. ಎಲ್ಲಾದರೂ ಕತ್ತರಿಸಿದ್ದರೆ ಬ್ರೌಸರ್‌ನ ಇನ್‌ಸ್ಪೆಕ್ಟರ್ ತೆರೆದು ಆ ಜಾಗದ ಸಾಲಿನ ಎತ್ತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಒತ್ತು ಪೂರ್ತಿ ಕಂಡ ಅಳತೆಯನ್ನು ಬರೆದಿಟ್ಟುಕೊಳ್ಳಿ. ಇಂಗ್ಲಿಷ್‌ಗೆ ತಿರುಗಿಸಿ, ಅಲ್ಲಿ ವಿನ್ಯಾಸ ಕೆಟ್ಟಿಲ್ಲವೇ ಎಂದೂ ನೋಡಿ.

ಈ ದೋಷವನ್ನು ವಿಕಿಮೀಡಿಯದ ದೋಷ ದಾಖಲೆ ತಾಣವಾದ ಫ್ಯಾಬ್ರಿಕೇಟರ್‌ನಲ್ಲಿ ದಾಖಲಿಸಿ, ತಿದ್ದಿದ ಕೋಡ್ ಅನ್ನು ಗೆರಿಟ್‌ಗೆ ಕಳಿಸಿ. ಪರಿಶೀಲಿಸುವವರಿಗೆ ಕನ್ನಡ ಬರದೇ ಇರಬಹುದು. ಹಾಗಾಗಿ ದೋಷದ ಜೊತೆ ಎರಡು ಚಿತ್ರ ಹಾಕಿ, ಮೊದಲು ಹೇಗಿತ್ತು, ಈಗ ಹೇಗಿದೆ. ಮೊದಲಿನ ಚಿತ್ರದಲ್ಲಿ ಕಾಣೆಯಾದ ಒತ್ತಿನ ಸುತ್ತ ಒಂದು ಕೆಂಪು ಗೆರೆ ಎಳೆಯಿರಿ. ಅದು ಅಕ್ಷರದ ಭಾಗ, ಅದಿಲ್ಲದಿದ್ದರೆ ಪದವೇ ಬೇರೆ ಆಗುತ್ತದೆ ಎಂದು ಒಂದು ಸಾಲಿನಲ್ಲಿ ತಿಳಿಸಿ.