ಬಿಸಾಕು ಅಂದ ಹಬ್ಬಿನಲ್ಲಿ ಮೂರೂ ಗೇರು ಬಿದ್ದವು

ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಹಬ್, ಅಂದರೆ ಗೇರೆಲ್ಲ ಒಳಗೇ ಇರುವ ಹಿಂದಿನ ಚಕ್ರದ ನಡುಭಾಗ, ದಾವಣಗೆರೆಯಲ್ಲಿ ರಿಪೇರಿ ಆಗಲ್ಲ ಅಂತ ಹೇಳಿದವರ ಪಟ್ಟಿ ದೊಡ್ಡದಿದೆ. ಗುಜರಿಯವನು ಹೇಳಿದ್ದ. ಸೈಕಲ್ ಶಾಪಿನ ಚಾಚಾ ಹೇಳಿದ್ದರು. ಬೆಂಗಳೂರಿನಲ್ಲಿ ಹಳೆ ಸೈಕಲ್ ಕೂಡಿಹಾಕುವ ಗೆಳೆಯನಂತೂ "ಹಬ್ ಮಾತ್ರ ಬಿಚ್ಚಬೇಡ ಗುರು, ಮತ್ತೆ ಜೋಡಿಸಕ್ಕಾಗಲ್ಲ" ಅಂತ ಫೋನಿನಲ್ಲೇ ಬುದ್ಧಿ ಹೇಳಿದ್ದ. ಈಗ ಅದೇ ಸೈಕಲ್ ಹತ್ತಿ ಬೆಳಿಗ್ಗೆ ಹದಡಿ ರಸ್ತೆಯಲ್ಲಿ ಹೋಗಿಬರುತ್ತೇನೆ. ಮೂರೂ ಗೇರು ಬೀಳುತ್ತವೆ. ಅದಕ್ಕೇ ಬರೆಯುತ್ತಿದ್ದೇನೆ. ಸೈಕಲ್ ಬಿಚ್ಚಿ ಜೋಡಿಸಿ ರೂಢಿ ಇರುವವರಿಗಾಗಿ ಬರೆದಿದ್ದು, ಹಾಗಾಗಿ ಬೆಂಡು ತೆಗೆಯುವುದು, ಕೋನು ಟೈಟ್ ಮಾಡುವುದು ಇಲ್ಲಿ ಹೇಳಲ್ಲ.

ಸೈಕಲ್ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. ಮಂಡಿಪೇಟೆ ಕಡೆ ಒಂದು ಹಳೆ ಮನೆ ಕೆಡವುವಾಗ ಅಟ್ಟದಿಂದ ಇಳಿಸಿದ್ದಂತೆ. ಮೈಗೆಲ್ಲಾ ಬ್ರಷ್‌ನಲ್ಲಿ ಬಳಿದ ಹಸಿರು ಬಣ್ಣ, ಬಾಗಿಲು ಕಿಟಕಿಗೆ ಹೊಡೆಯುತ್ತಾರಲ್ಲ, ಅದೇ ಇನಾಮಲ್. ಮುಂದೆ ಹರ್ಕ್ಯುಲಿಸ್ ಬಿಲ್ಲೆ. ಕಬ್ಬಿಣದ ತೂಕಕ್ಕೆ ಹಾಕಿದ್ದರೆ ಆರೇಳುನೂರು ರೂಪಾಯಿ ಆಗುತ್ತಿತ್ತು. ಅವನು 4,000 ಅಂದ. "ಪೆಡಲ್ ತುಳಿದರೆ ಸುಮ್ನೆ ತಿರುಗುತ್ತೆ, ಹಿಂದಿನ ಚಕ್ರ ಹೋಗಿದೆ" ಅಂತ ತೋರಿಸಿ 2,800ಕ್ಕೆ ಇಳಿಸಿದೆ. ಆ ಹಿಂದಿನ ಚಕ್ರಕ್ಕಾಗಿಯೇ ನಾನು ನಿಂತಿದ್ದು ಅಂತ ಅವನಿಗೆ ಗೊತ್ತಾಗಲಿಲ್ಲ. ಹಬ್ ಸಾಮಾನ್ಯ ಹಬ್‌ಗಿಂತ ದಪ್ಪ ಇತ್ತು, ಬಲಗಡೆ ಆಕ್ಸಲ್ ನಟ್ಟಿಗೆ ಒಂದು ಕಿಂಡಿ ಇತ್ತು. ಮಸಿ ಒರೆಸಿದರೆ ಏಡಬ್ಲ್ಯು ಅಕ್ಷರ (ಸ್ಟರ್ಮಿ ಆರ್ಚರ್ ಮೂರು ಗೇರಿನ ಹಬ್ಬಿನ ಒಂದು ಮಾದರಿ), ಪಕ್ಕದಲ್ಲಿ 54.

ಏಡಬ್ಲ್ಯು ಹಬ್‌ಗಳ ಮೇಲೆ ತಯಾರಾದ ತಿಂಗಳು, ವರ್ಷ ಒತ್ತಿರುತ್ತಾರೆ. ಅಂದರೆ ಹಬ್ 1954ರದ್ದು. ಆದರೆ ಹಬ್ 54ರದ್ದಾದ ಮಾತ್ರಕ್ಕೆ ಸೈಕಲ್ಲೂ 54ರದ್ದಲ್ಲ, ಚಕ್ರ ಬದಲಾಯಿಸುವುದು ಎಷ್ಟರ ಕೆಲಸ ಅಲ್ವಾ. ಹಾಗೆ ನೋಡಿದರೆ ಹಳೆ ಸೈಕಲ್‌ನಲ್ಲಿ ಬದಲಾಗದ್ದು ಕಡಿಮೆ. ಬಿಲ್ಲೆ, ಮಡ್‌ಗಾರ್ಡ್, ಫೋರ್ಕ್, ಹ್ಯಾಂಡಲ್ ಎಲ್ಲವನ್ನೂ ಎಪ್ಪತ್ತು ವರ್ಷದಲ್ಲಿ ಯಾರಾದರೂ ಬದಲಾಯಿಸಿರುತ್ತಾರೆ. ಹರ್ಕ್ಯುಲಿಸ್ ಬಿಲ್ಲೆಯಂತೂ ನಮ್ಮ ಕಡೆ ಯಾವ ಅಂಗಡಿಯಲ್ಲೂ ಸಿಗುತ್ತಿತ್ತು. ಮೂಲ ಕಂಪನಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನದು, ಆದರೆ 1949ರಲ್ಲಿ ಶುರುವಾದ ಟಿಐ ಸೈಕಲ್ಸ್ ಮದ್ರಾಸಿನ ಅಂಬತ್ತೂರಿನಲ್ಲೇ ಹರ್ಕ್ಯುಲಿಸ್ ಮಾಡಿ ದಕ್ಷಿಣದ ಊರೂರಿಗೆ ಕಳಿಸಿತು. ಕ್ಯಾರಿಯರ್ ಕೆಳಗೆ ಪುರಸಭೆಯ ಹಳೇ ಸೈಕಲ್ ಬಿಲ್ಲೆಯೂ ಒಂದು ನೇತಾಡುತ್ತಿತ್ತು. ಅದರ ಮೇಲಿನ ವರ್ಷ ನೋಡಿ ಸೈಕಲ್ ವಯಸ್ಸು ಹೇಳುವವರಿದ್ದಾರೆ. ಅದು ತೆರಿಗೆ ಕಟ್ಟಿದ ವರ್ಷ ಅಷ್ಟೇ, ಸೈಕಲ್ ಹುಟ್ಟಿದ ವರ್ಷ ಅಲ್ಲ.

ಇದು ಹರ್ಕ್ಯುಲಿಸ್ ಅಲ್ಲ ಅಂತ ನನಗೆ ಮೊದಲು ಅನುಮಾನ ಬಂದದ್ದು ಚೈನ್ ವೀಲ್ ನೋಡಿ. ಗ್ರೀಸು, ಮಣ್ಣು ಕೆರೆದರೆ ಒಳಗೆ ಕೊಕ್ಕರೆ. ಕೊಕ್ಕರೆ ರ್ಯಾಲಿ ಅನ್ನುವ ಇಂಗ್ಲೆಂಡಿನ ಸೈಕಲ್ ಕಂಪನಿಯ ಗುರುತು. ಆಮೇಲೆ ಫೋರ್ಕಿನ ಹೆಗಲು. ರ್ಯಾಲಿ ಫೋರ್ಕ್ ಹೆಗಲು ಚಪ್ಪಟೆ ಇರಲ್ಲ, ಕೊಳವೆಯಂತೆ ಉರುಟಾಗಿ ಎರಡೂ ಕಡೆ ಟೋಪಿ ಹಾಕಿದಂತಿರುತ್ತದೆ. ಇಲ್ಲೂ ಹಾಗೇ ಇತ್ತು. ಆದರೂ ನಾನು ನಂಬಲಿಲ್ಲ. ಬಿ.ಬಿ. ಕಪ್ (ಪೆಡಲ್ ಆಕ್ಸಲ್ಲಿನ ಗುಂಡು ಓಡುವ ಬಟ್ಟಲು) ಬಿಚ್ಚಿ ಫ್ರೇಮಿನ ಒಳಗೆ ಥ್ರೆಡ್ ಗೇಜ್ ಇಟ್ಟೆ. 24ರ ಎಲೆ ಕೂರಲಿಲ್ಲ, 26 ಕೂತಿತು. ಅಲ್ಲಿಗೆ ವಾದ ಮುಗಿಯಿತು. ಉಳಿದ ಬಹುಪಾಲು ಕಂಪನಿಗಳು ಇಂಚಿಗೆ 24 ಸುತ್ತು ಹಾಕಿದರೆ, ನಾಟಿಂಗ್‌ಹ್ಯಾಮ್‌ನ ರ್ಯಾಲಿ ಮಾತ್ರ ಹಠ ಹಿಡಿದು 26 ಹಾಕುತ್ತಿತ್ತು. ಬಿಲ್ಲೆ ಬದಲಾಯಿಸಬಹುದು, ಫ್ರೇಮಿನೊಳಗಿನ ಥ್ರೆಡ್ ಯಾರು ಬದಲಾಯಿಸುತ್ತಾರೆ?

ಇನ್ನೊಂದು ತಕರಾರು ಉಳಿದಿತ್ತು. 1950ರ ದಶಕದಲ್ಲಿ ಬಂಗಾಳದ ಆಸನ್ಸೋಲ್‌ನಲ್ಲಿ ಸೆನ್-ರ್ಯಾಲಿ ಕಾರ್ಖಾನೆ ಶುರುವಾಗಿತ್ತು, ಅಲ್ಲೂ ರ್ಯಾಲಿ ಸೈಕಲ್ ಆಗುತ್ತಿದ್ದವು. ಹಾಗಾಗಿ ಕೊಕ್ಕರೆ ಕಂಡ ಕೂಡಲೇ "ಇಂಗ್ಲೆಂಡ್ ಮಾಲು" ಅಂತ ರೇಟು ಏರಿಸುವವರನ್ನು ನಂಬಬೇಡಿ. ನನ್ನದರಲ್ಲಿ ಹಸಿರು ಬಣ್ಣ ತೆಗೆದ ಮೇಲೆ ಸೀಟಿನ ಕೊಳವೆಯ ಮೇಲೆ ನಾಟಿಂಗ್‌ಹ್ಯಾಮ್ ಇಂಗ್ಲೆಂಡ್ ಅನ್ನುವ ಬಂಗಾರದ ಅಕ್ಷರ ಅರ್ಧಂಬರ್ಧ ಸಿಕ್ಕಿತು. ಇನ್ನೇನು ಬೇಕು.

ಬಣ್ಣದ ವಿಷಯ ಇಲ್ಲೇ ಮುಗಿಸುತ್ತೇನೆ. ಪೌಡರ್ ಕೋಟಿಂಗ್ ಮಾಡಿಸಿ ಅಂತ ಎಲ್ಲರೂ ಹೇಳಿದರು. ಮಾಡಿಸಿದ್ದರೆ ಆ ಅಕ್ಷರ ಹೋಗುತ್ತಿತ್ತು. ಕಂಪನಿಯ ಕಪ್ಪು ಬಣ್ಣ ಒಲೆಯಲ್ಲಿ ಬೇಯಿಸಿದ್ದು, ಗಟ್ಟಿ. ಮೇಲಿನ ಹಸಿರು ಸುಮ್ನೆ ಬಳಿದಿದ್ದು. ಪೇಂಟ್ ರಿಮೂವರ್ ಅನ್ನು ಮಡ್‌ಗಾರ್ಡ್ ಒಳಗೆ ಹಚ್ಚಿ ನೋಡಿದೆ, ಎರಡೂ ಬಣ್ಣ ಎದ್ದು ಬಂದವು. ಅದನ್ನು ಅಲ್ಲಿಗೇ ಬಿಟ್ಟು, ಹತ್ತಿಯಲ್ಲಿ ಥಿನ್ನರ್ ಹಚ್ಚಿ ಅರ್ಧ ನಿಮಿಷ ಬಿಟ್ಟು, ಹಳೇ ಎಟಿಎಂ ಕಾರ್ಡಿನ ಅಂಚಿನಲ್ಲಿ ಕೆರೆದೆ. ಅಂಗೈಯಷ್ಟು ಜಾಗಕ್ಕೆ ಒಂದು ಸಂಜೆ. ಮನೆಯವಳು ಮೂಗು ಮುಚ್ಚಿಕೊಂಡು ಓಡಾಡಿದಳು. ಕ್ರೋಮ್ ಭಾಗಗಳ ತುಕ್ಕಿಗೆ ಆಕ್ಸಾಲಿಕ್ ಆಸಿಡ್, ಲೀಟರ್ ನೀರಿಗೆ ಮೂವತ್ತು ನಲವತ್ತು ಗ್ರಾಂ. ಜಾಸ್ತಿ ಹೊತ್ತು ಬಿಟ್ಟರೆ ಹಳದಿ ಪೊರೆ ಕೂರುತ್ತದೆ. ತೆಗೆದ ಮೇಲೆ ಸೋಡಾ ನೀರಿನಲ್ಲಿ ತೊಳೆಯಲೇಬೇಕು. ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಅಕ್ಕಿ ಗಿರಣಿಯಿಂದ ಹೊಟ್ಟಿನ ಬೂದಿ ತಂದು ಹಳೇ ರಿಮ್ಮಿಗೆ ಉಜ್ಜಿದೆ. ತುಕ್ಕೇನೋ ಹೋಯಿತು, ಆದರೆ ಕ್ರೋಮ್ ತುಂಬ ಗೀರು. ಬೂದಿಯಲ್ಲಿ ಮರಳಿನ ಗುಣ ಇದೆ. ಹಿತ್ತಾಳೆಗೆ ಮಾತ್ರ ಹುಣಸೆಹಣ್ಣನ್ನು ಮೀರಿಸಿದ್ದಿಲ್ಲ, ಬೆಲ್ಲಿನ ಒಳಗಿನ ಹಿತ್ತಾಳೆ ಐದು ನಿಮಿಷದಲ್ಲಿ ಬೆಳಗಿತು.

ಈಗ ಬಿ.ಬಿ. ಕಪ್. ದುಡ್ಡು ಜಾಸ್ತಿ ಹೋದದ್ದು ಇಲ್ಲೇ. ಬಲಗಡೆಯ ಕಪ್, ಅಂದರೆ ಉಲ್ಟಾ ಥ್ರೆಡ್‌ನದು, ಚೆನ್ನಾಗಿತ್ತು. ಎಡಗಡೆಯದು ಗುಂಡಿ ಗುಂಡಿ. ಚಾಚಾ ಅಂಗಡಿಯಲ್ಲಿ ಸಿಗುವ ಕಪ್ ಎಲ್ಲ 24ರದ್ದು. ಅಗಲ ಒಂದೇ ಆದ್ದರಿಂದ ಎರಡು ಸುತ್ತು ಹೋಗಿ ನಿಲ್ಲುತ್ತದೆ. "ಸಾರ್, ಟ್ಯಾಪ್ ಹಾಕಿ 24 ಮಾಡಿಬಿಡೋಣ, ಇನ್ನೂರು ರೂಪಾಯಿ ಕೊಡಿ ಸಾಕು" ಅಂದರು ಚಾಚಾ. ಅವರ ಮಾತಿನಲ್ಲಿ ಕೆಟ್ಟದ್ದೇನಿಲ್ಲ, ಊರಲ್ಲಿರುವ ಹಳೇ ರ್ಯಾಲಿಗಳಿಗೆಲ್ಲ ಹಾಗೇ ಮಾಡಿದ್ದಾರೆ. ಆದರೆ 26ರ ಮೇಲೆ 24 ಕೊಯ್ದರೆ ಎರಡೂ ಉಳಿಯಲ್ಲ, ಒಂದು ವರ್ಷದಲ್ಲಿ ಕಪ್ ಅಲ್ಲಾಡುತ್ತದೆ.

ನಾನು ಹರಿಹರಕ್ಕೆ ಹೋದೆ. ಮೈಸೂರು ಕಿರ್ಲೋಸ್ಕರ್ ಇದ್ದ ಊರು, ಲೇತ್ ಮಾಡುತ್ತಿದ್ದ ಕಾರ್ಖಾನೆ. ಅದು ಮುಚ್ಚಿದ ಮೇಲೂ ಅಲ್ಲಿ ಕೈ ಪಳಗಿದ ಟರ್ನರ್‌ಗಳು ಉಳಿದಿದ್ದಾರೆ. ನನಗೆ ಸಿಕ್ಕ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಹಳೇ ಕಪ್ ಕೈಯಲ್ಲಿ ಹಿಡಿದು ತಿರುಗಿಸಿ, "ಇದು 26 ಅಲ್ಲೇನಪ್ಪಾ" ಅಂದರು. ಗೇಜ್ ಮುಟ್ಟಲೇ ಇಲ್ಲ! ಮೊದಲು ಮೈಲ್ಡ್ ಸ್ಟೀಲಿನಲ್ಲಿ ಕೊಯ್ದು ಕೊಟ್ಟರು, 600 ರೂಪಾಯಿ. ಕೂತಿತು, ತಿರುಗಿತು, ನಾನೂ ಬೀಗಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಗುಂಡುಗಳು ಅದರಲ್ಲಿ ಹಳ್ಳ ತೋಡಿದ್ದವು. ಮೆತ್ತನೆ ಕಬ್ಬಿಣ ಗುಂಡಿನ ಒತ್ತಡ ತಡೆಯಲ್ಲ. ಎರಡನೇ ಸಲ ಇಎನ್ 31 ತರಿಸಿದೆವು, ಬೇರಿಂಗ್ ಮಾಡುವ ಉಕ್ಕು. ಥ್ರೆಡ್ ಕೊಯ್ದ ಮೇಲೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರು. ಅಷ್ಟಕ್ಕೇ ಬಿಟ್ಟರೆ ಗಾಜಿನ ಹಾಗೆ ಒಡೆಯುತ್ತದೆ ಅಂತ ಮತ್ತೆ ಹದವಾಗಿ ಕಾಯಿಸಿ ಆರಲು ಬಿಟ್ಟರು. ಉಕ್ಕು, ಕೂಲಿ ಸೇರಿ ಸಾವಿರದ ನೂರೋ ಇನ್ನೂರೋ ಆಯಿತು. ಹೊಸ ಕಾಲಿಂಚಿನ ಗುಂಡು ಒಂದೊಂದು ಕಡೆ ಹನ್ನೊಂದು ಹಾಕಿದೆ. ಈಗ ಎರಡು ಮಳೆಗಾಲ ಕಂಡಿದೆ, ಬಿಚ್ಚಿ ನೋಡಿದರೆ ಹೊಳೆಯುತ್ತಿದೆ. ಚಾಚಾಗೆ ತೆಗೆದುಕೊಂಡು ಹೋಗಿ ತೋರಿಸಿದೆ. ಏನೂ ಅನ್ನಲಿಲ್ಲ, ಚಹಾ ತರಿಸಿದರು.

ಹಬ್ಬಿಗೆ ಬರುತ್ತೇನೆ. ಏಡಬ್ಲ್ಯು ಹಬ್ಬಿನಲ್ಲಿ ಎರಡನೇ ಗೇರು ಸೀದಾ, ಮೊದಲನೆಯದು ಕಾಲು ಭಾಗ ಹಗುರ, ಮೂರನೆಯದು ಮೂರನೇ ಒಂದು ಭಾಗ ಭಾರ. ಕೇಬಲ್ ಪೂರ್ತಿ ಎಳೆದರೆ ಮೊದಲನೆಯದು, ಪೂರ್ತಿ ಸಡಿಲ ಬಿಟ್ಟರೆ ಮೂರನೆಯದು. ಇದರ ಅರ್ಥ ಏನು ಹೇಳಿ? ಕೇಬಲ್ ಹರಿದುಹೋದರೆ ಸೈಕಲ್ ಸದಾ ಮೂರನೇ ಗೇರಿನಲ್ಲೇ ಇರುತ್ತದೆ. ನನ್ನ ಸೈಕಲ್ಲಿನಲ್ಲಿ ಮುಂದೆ 46 ಹಲ್ಲು, ಹಿಂದೆ 18. ಮೂರನೇ ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ ಸುಮಾರು ಏಳೂವರೆ ಮೀಟರ್ ಹೋಗುತ್ತದೆ. ಹಿಂದೆ ಒಂದು ಮೂಟೆ ಹೇರಿಕೊಂಡು ಅದನ್ನು ತುಳಿದು ನೋಡಿ. "ಇಂಗ್ಲಿಷ್ ಸೈಕಲ್ ಬಲು ಭಾರ" ಅಂತ ಹಳಬರು ಹೇಳುವ ಮಾತಿನಲ್ಲಿ ಅರ್ಧ ಪಾಲು ಈ ಹರಿದ ಕೇಬಲ್ಲಿನದೇ ಅಂತ ನನ್ನ ಲೆಕ್ಕ.

ಪೆಡಲ್ ಸುಮ್ನೆ ತಿರುಗಲು ಕಾರಣ ಬೇರೆ. ಹಬ್ಬಿನ ಎಣ್ಣೆ ಕಿಂಡಿ ತೆಗೆದು ಮೂಸಿದರೆ ಶೇಂಗಾ ಎಣ್ಣೆ ಕಮಟು. ನಮ್ಮದು ಎಣ್ಣೆ ಗಿರಣಿಗಳ ಸೀಮೆ, ಯಾರೋ ಕೈಗೆ ಸಿಕ್ಕಿದ್ದನ್ನು ಬಿಟ್ಟಿದ್ದಾರೆ. ಅಡುಗೆ ಎಣ್ಣೆ ವರ್ಷಗಟ್ಟಲೆ ಕೂತರೆ ಅಂಟಾಗುತ್ತದೆ. ಒಳಗಿನ ನಾಲ್ಕು ಪಾಲುಗಳು, ಅಂದರೆ ಗೇರನ್ನು ಕಚ್ಚಿ ಹಿಡಿಯುವ ಸಣ್ಣ ಕೊಕ್ಕೆಗಳು, ಅಂಟಿಕೊಂಡು ಏಳುತ್ತಿರಲಿಲ್ಲ. ಮೊದಲು ಬಿಚ್ಚದೆಯೇ ಸೀಮೆಎಣ್ಣೆ ತುಂಬಿಸಿ ರಾತ್ರಿ ಬಿಟ್ಟೆ. ಕಪ್ಪು ರಸ ಬಂತು, ಪಾಲು ಬಿಡಲಿಲ್ಲ. ಡೀಸೆಲ್ ಹಾಕಿದೆ. ಆಗಾಗ ಟಕ್ ಅಂತ ಹಿಡಿಯುವುದು, ಮತ್ತೆ ಜಾರುವುದು. ಹೀಗೆ ಜಾರುವ ಹಬ್ ತುಳಿದರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆ. ಬಿಚ್ಚದೆ ದಾರಿ ಇರಲಿಲ್ಲ. ಇಂಡಿಕೇಟರ್ ಚೈನ್, ಅಂದರೆ ಕೇಬಲ್ ಎಳೆಯುವ ಸಣ್ಣ ಸರಪಳಿ, ಬೇರೆ ಮುರಿದು ಅದರ ಕಡ್ಡಿ ಆಕ್ಸಲ್ ಒಳಗೇ ಉಳಿದಿತ್ತು.

ಬಿಚ್ಚುವವರಿಗೆ ಒಂದು ಮಾತು. ಬಲಗಡೆಯ ಬಾಲ್ ರಿಂಗಿಗೆ ಎರಡು ಬಾಯಿಯ ಥ್ರೆಡ್ ಇದೆ, ಅಂದರೆ ಎರಡು ಕಡೆಯಿಂದ ಶುರುವಾಗುತ್ತದೆ. ಸುತ್ತಿಗೆ, ಪಂಚ್ ಇಟ್ಟು ಸಡಿಲಿಸುವ ಮುಂಚೆ ರಿಂಗಿನ ಕಚ್ಚಿಗೆ ಗುರುತು ಹಾಕಿ, ಎದುರಿನ ಚಕ್ರದ ಕಡ್ಡಿಗೆ ದಾರ ಕಟ್ಟಿ. ಮರಳಿ ಹಾಕುವಾಗ ಇನ್ನೊಂದು ಬಾಯಿಗೆ ಕೂತರೆ ಚಕ್ರದ ಬೆಂಡು ಮತ್ತೆ ತೆಗೆಯಬೇಕಾಗುತ್ತದೆ. ಒಳಗೆ ನೋಡಿ ಆಶ್ಚರ್ಯವಾಯಿತು, ಹಲ್ಲು ಒಂದೂ ಸವೆದಿರಲಿಲ್ಲ. ಎಪ್ಪತ್ತು ವರ್ಷ ಅಂಟೇ ಕಾಪಾಡಿತ್ತೇನೋ. ಪಾಲಿನ ಸ್ಪ್ರಿಂಗ್ ಎರಡು ಮಾತ್ರ ಸತ್ತಿದ್ದವು. ಕೂದಲಿನಷ್ಟು ತೆಳು ತಂತಿ, ಇಲ್ಲಿ ಎಲ್ಲೂ ಸಿಗಲ್ಲ. ಗಿಟಾರ್ ತಂತಿ ತಂದು ನಾನೇ ಸುತ್ತಿದೆ. ಮೊದಲು ತಂದದ್ದು ತೀರಾ ಮೆತ್ತಗೆ, ಪಾಲು ಸೋಮಾರಿಯಾಗಿ ಏಳುತ್ತಿತ್ತು. ಆಮೇಲಿನದು ಸರಿಯಾಯಿತು. ಯಾವ ನಂಬರಿನ ತಂತಿ, ಯಾವುದಕ್ಕೆ ಸುತ್ತಿದೆ ಅಂತ ಕೇಳಬೇಡಿ, ಅದಕ್ಕೆ ಬಹಳ ತಲೆ ಕೆಡಿಸಿಕೊಂಡಿದ್ದೇನೆ. ಎಣ್ಣೆಯೂ ಹಾಗೇ. ಗ್ರೀಸ್ ಬೇಡ, ಅಡುಗೆ ಎಣ್ಣೆ ಬೇಡವೇ ಬೇಡ, ತೆಳು ಎಂಜಿನ್ ಆಯಿಲ್ ಹಾಕಿ ಅನ್ನುವಷ್ಟು ಹೇಳಬಲ್ಲೆ. ನಾನು ಅದಕ್ಕೆ ಬೆರೆಸುವುದು ನನ್ನ ಹತ್ತಿರವೇ ಇರಲಿ.

ಗೇರ್ ಬದಲಾಯಿಸುವ ಟ್ರಿಗರ್ ಇರಲಿಲ್ಲ. ಸ್ಟರ್ಮಿ ಆರ್ಚರ್ ಈಗ ತೈವಾನಿನ ಕಂಪನಿಯ ಕೈಯಲ್ಲಿದೆ, ಹೊಸದು ತರಿಸಬಹುದು, ಆದರೆ ಅದರ ರೇಟಿಗೆ ನಾನು ಸೈಕಲ್ಲೇ ಕೊಂಡಿದ್ದೆ. ಹಳೇದು ಸಿಗುವವರೆಗೆ ಹಳೇ ಮೊಪೆಡ್ ಚೋಕ್ ಲಿವರ್ ಕಟ್ಟಿ ಓಡಿಸಿದೆ. ಎರಡನೇ ಗೇರು ಎಲ್ಲಿ ಅಂತ ಮಗಳ ನೇಲ್ ಪಾಲಿಶ್‌ನಲ್ಲಿ ಚುಕ್ಕೆ ಇಟ್ಟಿದ್ದೆ. ನಗಬೇಡಿ, ಚೆನ್ನಾಗೇ ಕೆಲಸ ಮಾಡಿತು. ಆಮೇಲೆ ಚಿತ್ರದುರ್ಗದ ಗುಜರಿಯೊಂದರಲ್ಲಿ ಟ್ರಿಗರ್ ಸಿಕ್ಕಿತು, 700 ರೂಪಾಯಿ. ಹೊಂದಿಸುವುದು ಸುಲಭ: ಎರಡನೇ ಗೇರಿನಲ್ಲಿ ಇಟ್ಟು ನಟ್ಟಿನ ಕಿಂಡಿಯಲ್ಲಿ ನೋಡಿ, ಇಂಡಿಕೇಟರ್ ಕಡ್ಡಿಯ ದಪ್ಪ ಭಾಗ ಆಕ್ಸಲ್ ತುದಿಗೆ ಸಮ ನಿಲ್ಲಬೇಕು. ಇದೊಂದನ್ನು ನೋಡದೆ "ಹಬ್ ಹೋಗಿದೆ" ಅಂದವರೆಷ್ಟೋ. ಎರಡು ಮೂರರ ನಡುವೆ ಯಾವ ಗೇರೂ ಹಿಡಿಯದ ಜಾಗ ಇದೆ, ಕೇಬಲ್ ಸ್ವಲ್ಪ ಸಡಿಲಾದರೂ ಅಲ್ಲಿಗೆ ಬೀಳುತ್ತದೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ಸೈಕಲ್ 2,800. ಇಪ್ಪತ್ತೆಂಟು ಒಂದೂವರೆ ಟೈರು, ಟ್ಯೂಬು ಜೋಡಿಗೆ 1,300ರ ಆಸುಪಾಸು. ಹರಿಹರಕ್ಕೆ 1,800. ಸೀಟಿಗೆ 1,400: ಬ್ರೂಕ್ಸ್ ಸೀಟಿನ ಸ್ಪ್ರಿಂಗ್ ಇತ್ತು, ಚರ್ಮ ಹರಿದಿತ್ತು. ಚಪ್ಪಲಿ ಹೊಲಿಯುವ ಅಣ್ಣ ದಪ್ಪ ಚರ್ಮ ನೆನೆಸಿ ಅದೇ ಚೌಕಟ್ಟಿಗೆ ಎಳೆದು, ತಾಮ್ರದ ಮೊಳೆ ಬಡಿದು ಕೊಟ್ಟ. ಟ್ರಿಗರ್, ಕೇಬಲ್, ಬ್ರೇಕ್ ರಬ್ಬರ್, ಆಸಿಡ್, ಥಿನ್ನರ್, ಕಾಟರ್ ಪಿನ್ ಎಲ್ಲ ಸೇರಿ ಇನ್ನೊಂದು ಎರಡೂವರೆ ಸಾವಿರ. ಒಟ್ಟು ಹತ್ತು ಸಾವಿರದ ಹತ್ತಿರ. ಅದೇ ಬೆಂಗಳೂರಿನ ಗೆಳೆಯ ಬಂದು ಓಡಿಸಿ ನೋಡಿ 25,000 ಕೊಡುತ್ತೇನೆ ಅಂದ. ಕೊಡಲಿಲ್ಲ.

ಚಿತ್ರದುರ್ಗದ ಅದೇ ಗುಜರಿಯಲ್ಲಿ ಮುಂದಿನ ಚಕ್ರದ ಡೈನೊಹಬ್, ಅಂದರೆ ತಿರುಗಿದರೆ ದೀಪಕ್ಕೆ ಕರೆಂಟ್ ಕೊಡುವ ಹಬ್, ಒಂದೂ ಸಿಕ್ಕಿದೆ, 6 ವೋಲ್ಟಿನದು. ತಿರುಗಿಸಿದರೆ ಬಲ್ಬ್ ಮಿಣುಕುತ್ತದೆ ಅಷ್ಟೇ. ಯಾರೋ ಆರ್ಮೇಚರ್, ಅಂದರೆ ತಂತಿ ಸುತ್ತಿದ ಕಬ್ಬಿಣದ ಭಾಗ, ಹೊರಗೆ ತೆಗೆದಿದ್ದಾರೆ. ಒಳಗಿನ ಉಂಗುರ ಅಯಸ್ಕಾಂತದ ಮಧ್ಯೆ ಕಬ್ಬಿಣ ಇಲ್ಲದೆ ಬಿಟ್ಟರೆ ಅದರ ಶಕ್ತಿ ಇಳಿದುಬಿಡುತ್ತದೆ. ಮತ್ತೆ ಶಕ್ತಿ ತುಂಬುವುದಕ್ಕೆ ಮೋಟಾರ್ ವೈಂಡಿಂಗ್ ಮಾಡುವ ಹುಡುಗನ ಜೊತೆ ಮಾತಾಡುತ್ತಿದ್ದೇನೆ. ಆಗಲ್ಲ ಅಂತ ಚಾಚಾ ಆಗಲೇ ಹೇಳಿದ್ದಾರೆ.